ಇಪ್ಪತ್ತು ಹೆಜ್ಜೆಯ ಗಾಡಿ

ಆ ದೊಡ್ಡಾಸ್ಪತ್ರೆಯಲ್ಲಿ ಸ್ಟ್ರೆಚರ್ ಕಿರುಗುಟ್ಟಲಿ, ಊಟದ ಗಾಡಿ ಒಂದು ಕಡೆಗೆ ಎಳೆಯಲಿ, ಮಂಚದ ಬ್ರೇಕು ಹಿಡಿಯದೆ ಹೋಗಲಿ, ಜನ ಕರೆಯುವುದು ಗಾಲಿ ಅಕ್ಕನನ್ನೇ. ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿದೆ. ಆದರೆ ಆ ಹೆಸರು ಹಿಡಿದು ವಿಚಾರಿಸಿದರೆ ಗೇಟಿನ ಕಾವಲುಗಾರನೇ ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಬಂದ ದಾರಿ ತೋರಿಸುತ್ತಾನೆ. ಮೂವತ್ತು ವರ್ಷದಿಂದ ಅವಳದು ಒಂದೇ ಕೆಲಸ: ಉರುಳಬೇಕಾದ್ದನ್ನು ಸರಿಯಾಗಿ ಉರುಳುವಂತೆ ಮಾಡುವುದು. ಪೈಪು ಕೊಯ್ಯುವುದರಿಂದ ಹಿಡಿದು ವೆಲ್ಡಿಂಗ್‌ವರೆಗೆ ಎಲ್ಲಕ್ಕೂ ಅವಳದೇ ಕೈ. ರಿಪೇರಿಯಾದ ಸ್ಟ್ರೆಚರನ್ನು ಅವಳು ಹಾಗೇ ವಾರ್ಡಿಗೆ ಕಳಿಸಿದ್ದಿಲ್ಲ. ತಾನೇ ಅದರ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ಸಿಕ್ಕಿದ ಅಟೆಂಡರ್‌ಗೆ ತಳ್ಳಲು ಹೇಳುತ್ತಾಳೆ. ಲಿಫ್ಟಿನ ಬಾಗಿಲ ಸಂದಿ ದಾಟಿದ್ದು ಬೆನ್ನಿಗೆ ಗೊತ್ತಾಯಿತೋ, ಗಾಡಿ ಮತ್ತೆ ಶೆಡ್ಡಿಗೆ. "ಮುರಿದ ಕಾಲಿನವರಿಗೆ ಆ ಸಂದಿ ಎಷ್ಟು ಅಗಲ ಅಂತ ನಿಮಗೆ ಗೊತ್ತಿಲ್ಲ" ಎನ್ನುತ್ತಾಳೆ. ಹೊಸದಾಗಿ ಬಂದ ಡಾಕ್ಟರೊಬ್ಬರು ಒಮ್ಮೆ ಹೀಗೆ ಹೊರಟಿದ್ದವಳನ್ನು ತಡೆದು ನಾಡಿ ಹಿಡಿದು ನೋಡಿದರಂತೆ. ಅದನ್ನು ಹೇಳುವಾಗ ಅವಳಿಗೆ ಇವತ್ತಿಗೂ ನಗು ತಡೆಯುವುದಿಲ್ಲ.

ಅವಳ ಬೆನ್ನಿಗೆ ಬಿದ್ದ ತಮ್ಮ ಕಾರ್ ಮೆಕ್ಯಾನಿಕ್. ಎಂಜಿನ್ ಬಿಚ್ಚಿ ಕೂರಿಸುವುದರಲ್ಲಿ ಅವನನ್ನು ಮೀರಿಸುವವರು ಆ ಸುತ್ತಿನಲ್ಲಿಲ್ಲ. ಸ್ಟಾರ್ಟ್ ಮಾಡಿದ ಶಬ್ದ ಕೇಳಿಯೇ ಯಾವ ಸಿಲಿಂಡರು ಮುನಿಸಿಕೊಂಡಿದೆ ಎಂದು ಹೇಳಬಲ್ಲ. ಅವನ ಗ್ಯಾರೇಜಿನ ಅಂಗಳದಲ್ಲಿ ಕಬ್ಬಿಣದ ತೊಲೆಗೆ ಒಂದು ಚೈನ್ ಪುಲ್ಲಿ ತೂಗುಹಾಕಿದೆ. ಕಾರಿನಿಂದ ಎಂಜಿನ್ ಮೇಲೆತ್ತುವುದು ಅದರಲ್ಲಿ. ಬಿಚ್ಚಿದ ಎಂಜಿನ್ನಿಗೆ ಧೂಳು ತಾಕಬಾರದೆಂದು ಕೆಲಸ ನಡೆಯುವುದು ಒಳಕೋಣೆಯ ಮೇಜಿನ ಮೇಲೆ, ಅಲ್ಲಿಯೂ ಇನ್ನೊಂದು ಚೈನ್ ಪುಲ್ಲಿ. ನಡುವೆ ಇಪ್ಪತ್ತು ಹೆಜ್ಜೆ, ಆ ಇಪ್ಪತ್ತರ ನಟ್ಟನಡುವೆ ಕಬ್ಬಿಣದ ಜಾಲರಿ ಮುಚ್ಚಿದ ಒಂದು ಚರಂಡಿ. ಎತ್ತಲು ಯಂತ್ರ ಇತ್ತು, ಇಳಿಸಲು ಯಂತ್ರ ಇತ್ತು, ಆ ಇಪ್ಪತ್ತು ಹೆಜ್ಜೆಗೆ ಮಾತ್ರ ತಮ್ಮನ ಬೆನ್ನೇ ಗತಿ. ಎಂಜಿನ್ನಿಗೆ ಚೈನು ಸುತ್ತಿ, ಪೈಪು ತೂರಿಸಿ, ಒಂದು ತುದಿ ಅವನು, ಇನ್ನೊಂದು ತುದಿ ಪಕ್ಕದ ಅಂಗಡಿಯ ಟಿಂಕರ್ ಹೊತ್ತು ಇಪ್ಪತ್ತೆರಡು ವರ್ಷ ಸಾಗಿಸಿದರು.

ಒಂದು ದಿನ ಆ ಬೆನ್ನು ಆಗಲ್ಲ ಅಂದಿತು. ಡಿಸ್ಕ್ ಜಾರಿದೆ, ಇನ್ನೊಮ್ಮೆ ಭಾರ ಎತ್ತಿದರೆ ಕಾಲೇ ಬಿದ್ದುಹೋದೀತು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ನಾಲ್ಕು ತಿಂಗಳು ಅವನಿಗೆ ಬಗ್ಗಿ ಸಾಕ್ಸ್ ಹಾಕಿಕೊಳ್ಳಲಾಗಲಿಲ್ಲ. ದಿನಾ ಬೆಳಿಗ್ಗೆ ಹೆಂಡತಿಯೇ ಹಾಕಿದಳು. ಆಮೇಲೆ ಅವಳೇ ಓಡಾಡಿ, ಬಿಡಿಭಾಗಗಳ ಅಂಗಡಿಯೊಂದರ ಕೌಂಟರಿನಲ್ಲಿ ಅವನಿಗೊಂದು ಕೆಲಸ ಗೊತ್ತುಮಾಡಿದಳು. ಮುಂದಿನ ಒಂದನೇ ತಾರೀಖಿನಿಂದ ಹೋಗಬೇಕು. ಕುರ್ಚಿ ಇದೆ, ಫ್ಯಾನ್ ಇದೆ. ತಮ್ಮ ಆಗಲಿ ಎಂದು ತಲೆ ಆಡಿಸಿದ. ಆದರೆ ಅವತ್ತಿನಿಂದ ಅವನ ಮಾತು ಅರ್ಧಕ್ಕರ್ಧ ಕಡಿಮೆಯಾಗಿದ್ದು ಅಕ್ಕನ ಕಣ್ಣಿಗೆ ಬಿತ್ತು. ಎಂಜಿನ್ನು ಮುಟ್ಟದ ತಮ್ಮನನ್ನು ಅವಳಿಗೆ ನೆನೆಸಿಕೊಳ್ಳಲಿಕ್ಕೂ ಆಗುತ್ತಿರಲಿಲ್ಲ.

"ಒಂದು ಗಾಡಿ ತಗೋಬಾರದೇನೋ?" ಎಂದು ಕೇಳಿದಳು.

"ತಗೊಂಡಿದ್ದೆ. ಅಲ್ಲಿದೆ ನೋಡು."

ಮೂಲೆಯಲ್ಲಿ ಪೆಟ್ಟಿಗೆಯಲ್ಲಿ ಬಂದ ಗಾಡಿಯೊಂದು ಬಿದ್ದಿತ್ತು. ನಿಂಬೆಹಣ್ಣಿನಷ್ಟು ಗಾತ್ರದ ನಾಲ್ಕು ಪ್ಲಾಸ್ಟಿಕ್ ಗಾಲಿ. ಮೊದಲ ದಿನವೇ ನಾಲ್ಕೂ ಜಾಲರಿಯ ಸಂದಿಗೆ ಇಳಿದು ಕೂತಿದ್ದವಂತೆ. ಗಾಲಿ ಅಕ್ಕ ಅದನ್ನು ಕಾಲಲ್ಲಿ ತಿರುವಿ ನೋಡಿ ಮೂಗು ಮುರಿದಳು. ಅಕ್ಕನ ಕೆಲಸವೇ ಗಾಲಿಯದಾದರೂ ಅವಳನ್ನೊಂದು ಮಾತು ಕೇಳಬೇಕೆಂದು ತಮ್ಮನಿಗೆ ತೋಚಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲವಲ್ಲ.

"ನಾನು ಮಾಡ್ತೀನಿ. ಅಲ್ಲಿವರೆಗೂ ಕೌಂಟರು ಗಿಂಟರು ಅನ್ನಬೇಡ" ಎಂದಳು.

ಹನ್ನೆರಡು ದಿನದಲ್ಲಿ ಗಾಡಿ ತಯಾರಾಯಿತು. ನೋಡಿದವರು ಸೈ ಅನ್ನುವಂತಿತ್ತು. ಸೊಂಟದೆತ್ತರದ ಪೈಪಿನ ಚೌಕಟ್ಟು, ಗುಜರಿಯಿಂದ ಆರಿಸಿ ತಂದ ದಪ್ಪ ರಬ್ಬರ್ ಗಾಲಿಗಳು, ನಾಲ್ಕೂ ಯಾವ ಕಡೆಗಾದರೂ ತಿರುಗುವಂಥವು. ಮೇಲೆ ಎರಡು ಬೆರಳು ದಪ್ಪದ ರಬ್ಬರ್ ಹಾಸು ಬೇರೆ. ಟಿಂಕರ್ ಬಂದು ಸುತ್ತ ನೋಡಿ, "ಅಕ್ಕಾ, ದಿಂಬು ಮರ್ತಿದ್ದೀರಿ" ಅಂದ. ಅವಳು ಎಂದಿನಂತೆ ತಾನೇ ಹತ್ತಿ ಮಲಗಿ ಕಣ್ಣು ಮುಚ್ಚಿದಳು. ಟಿಂಕರ್ ತಳ್ಳಿದ. ಗಾಡಿ ಜಾಲರಿ ದಾಟಿದ್ದು ಅವಳಿಗೆ ತಿಳಿಯಲೇ ಇಲ್ಲ.

"ಆಯ್ತು, ಎಂಜಿನ್ ಇಡು. ಆದ್ರೆ ಗಿರಾಕಿದು ಬೇಡ, ಆ ಹಳೇದನ್ನ ಇಡು" ಎಂದಳು. ಅಷ್ಟಾದರೂ ಹೇಳಿದ್ದು ಪುಣ್ಯ.

ಬಿಡಿಭಾಗಕ್ಕೆಂದು ಇಟ್ಟುಕೊಂಡಿದ್ದ ಹಳೆಯ ಎಂಜಿನ್ನನ್ನು ಚೈನ್ ಪುಲ್ಲಿಯಿಂದ ಮೆಲ್ಲಗೆ ಗಾಡಿಯ ಮೇಲಿಳಿಸಿ, ತಮ್ಮ ಹಿಡಿ ಹಿಡಿದು ತಳ್ಳಿದ. ಹತ್ತು ಹೆಜ್ಜೆ ಬೆಣ್ಣೆಯಂತೆ ಹೋಯಿತು. ಜಾಲರಿಯ ಮೇಲೆ ಮುಂದಿನ ಗಾಲಿಗಳು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದೊಂದು ಒಂದೊಂದು ಕಡೆ ತಿರುಗಿದವು. ಒಂದು ಗಾಲಿ ಅಡ್ಡವಾಗಿ ಸಂದಿಗೆ ಸಿಕ್ಕಿತು. ಗಾಡಿ ವಾಲಿತು, ಎಂಜಿನ್ ಹಾಸಿನ ಮೇಲೆ ಜಾರತೊಡಗಿತು. ತಮ್ಮ ಯೋಚಿಸಲೂ ಇಲ್ಲ, ಅದರಡಿಗೆ ಹೆಗಲು ಕೊಡಲು ನುಗ್ಗಿದ.

"ಬಿಡೋ!"

ಬಿಡುವುದು ಅವನಿಗೆಲ್ಲಿ ಗೊತ್ತು? ಜೀವಮಾನದಲ್ಲಿ ಒಂದೇ ಒಂದು ಎಂಜಿನ್ನನ್ನೂ ಕೈಬಿಟ್ಟವನಲ್ಲ. ಅಕ್ಕ ಅವನ ಅಂಗಿಯನ್ನು ಹಿಂದಿನಿಂದ ಹಿಡಿದೆಳೆದಳು. ಅಂಗಿ ಹರಿಯಿತು, ಇಬ್ಬರೂ ಹಿಂದಕ್ಕೆ ಕುಸಿದರು. ಎಂಜಿನ್ ನೆಲಕ್ಕೆ ಬಿದ್ದು ತಳದ ಆಯಿಲ್ ಚೇಂಬರ್ ಸೀಳಿತು. ಕಪ್ಪು ಆಯಿಲ್ ಜಾಲರಿಯ ಸುತ್ತ ಹರಡಿಕೊಂಡಿತು.

ಆಮೇಲೆ ತಮ್ಮ ಸೊಂಟ ಹಿಡಿದುಕೊಂಡು ಎದ್ದು, "ಸಾಕು ಬಿಡಕ್ಕ. ಒಂದನೇ ತಾರೀಖು ನಾನು ಕೌಂಟರಿಗೆ ಹೋಗ್ತೀನಿ" ಅಂದ. ಅಕ್ಕನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟಾದರೂ ಮಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

ಮೂವತ್ತು ವರ್ಷದಲ್ಲಿ ಅವಳ ಗಾಡಿ ಯಾರನ್ನೂ ಬೀಳಿಸಿದ್ದಿಲ್ಲ. ಇದೇಕೆ ಬಿತ್ತು? ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಲಿಫ್ಟಿನೆದುರು ಸ್ಟೂಲು ಹಾಕಿಕೊಂಡು ಕೂತಳು. ಸ್ಟ್ರೆಚರುಗಳು ಬಂದವು, ಹೋದವು. ಅವಳು ಮೊದಲ ಸಲ ಗಾಲಿ ನೋಡುವುದನ್ನು ಬಿಟ್ಟು ಮಲಗಿದವರನ್ನು ನೋಡಿದಳು. ಸಂದಿ ಬಂದೊಡನೆ ಒಬ್ಬ ಅಜ್ಜಿ ಪಕ್ಕದ ಕಂಬಿ ಹಿಡಿದುಕೊಂಡಳು. ಗಾಡಿ ಎಡಕ್ಕೆ ವಾಲಿದರೆ ಒಬ್ಬಾತ ನರಳುತ್ತಲೇ ಬಲಕ್ಕೆ ಸರಿದ. ಅರೆನಿದ್ದೆಯಲ್ಲಿದ್ದವರ ಬೆರಳುಗಳೂ ಹಾಸಿಗೆಯ ಅಂಚು ಹುಡುಕುತ್ತಿದ್ದವು. ಮನುಷ್ಯ ತನಗೇ ಗೊತ್ತಿಲ್ಲದೆ ತನ್ನನ್ನು ಸಾವರಿಸಿಕೊಳ್ಳುತ್ತಾನೆ. ಕಣ್ಣು ಮುಚ್ಚಿ ಮಲಗಿ ಪರೀಕ್ಷೆ ಮಾಡುವಾಗ ಅವಳೂ ಅದನ್ನೇ ಮಾಡಿಕೊಂಡು ಬಂದಿದ್ದಳು. ಎಂಜಿನ್ ಹಾಗೆ ಮಾಡುವುದಿಲ್ಲ, ವಾಲಿದ ಕಡೆಗೇ ಹೋಗುತ್ತದೆ.

"ಇಷ್ಟು ವರ್ಷ ಎಲ್ಲಾ ನನ್ನ ಗಾಲಿದೇ ಕೆಲಸ ಅಂದ್ಕೊಂಡಿದ್ದೆ. ಅರ್ಧ ಕೆಲಸ ಆ ಪಾಪದವರೇ ಮಾಡ್ತಿದ್ರು" ಎಂದು ಲಿಫ್ಟಿನವನಿಗೆ ಹೇಳಿದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಮೂವತ್ತು ವರ್ಷ ಬೆಳೆಸಿಕೊಂಡು ಬಂದ ಹೆಮ್ಮೆಯಲ್ಲಿ ಅರ್ಧವನ್ನು ಒಂದು ಮಧ್ಯಾಹ್ನದಲ್ಲಿ ರೋಗಿಗಳಿಗೆ ಬಿಟ್ಟುಕೊಟ್ಟು ಎದ್ದು ಹೋಗುವುದು ಎಲ್ಲರಿಂದ ಆಗುವ ಕೆಲಸವಲ್ಲ. ಇವಳು ಮುಖ ಬಾಡಿಸಿಕೊಳ್ಳದೆ ಎದ್ದಳು, ಸಂಜೆ ಡ್ಯೂಟಿ ಮುಗಿದದ್ದೇ ಟೇಪು ಹಿಡಿದು ಗ್ಯಾರೇಜಿಗೆ ಬಂದಳು.

ಈ ಸಲ ಎಂಜಿನ್ನನ್ನೇ ಅಳೆದಳು. ಎಲ್ಲಿ ಭಾರ, ಎಲ್ಲಿ ಹಿಡಿದರೆ ಕೂರುತ್ತದೆ, ಎಲ್ಲಿ ಮುಟ್ಟಬಾರದು, ಎಲ್ಲವನ್ನೂ ತಮ್ಮನನ್ನು ಕೇಳಿದಳು. ಅವನು ಮೊದಲು ಹೂಂ, ಉಹೂಂ ಅಂದ. ಆಮೇಲೆ ತಾನೇ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಬರೆದು ತೋರಿಸಿದ. ಆಯಿಲ್ ಚೇಂಬರಿನ ಮೇಲೆ ಭಾರ ಬೀಳಕೂಡದು, ಕಾರಿನಲ್ಲಿ ಎಂಜಿನ್ ಕೂರುವ ಪಕ್ಕದ ತೋಳುಗಳ ಮೇಲೆಯೇ ಇಲ್ಲೂ ಕೂರಬೇಕು ಎಂದ. ಸೊಂಟದೆತ್ತರ ಹೋಗಿ, ಚೌಕಟ್ಟು ನೆಲದಿಂದ ನಾಲ್ಕೇ ಬೆರಳಿಗೆ ಇಳಿಯಿತು. ದೊಡ್ಡ ಗಾಲಿಗಳು ಚೌಕಟ್ಟಿನ ಅಡಿಯಿಂದ ಹೊರಬದಿಗೆ ಬಂದವು. ಮುಂದಿನ ಎರಡು ನೇರಕ್ಕೆ ಬಿಗಿದವು, ಹಿಂದಿನ ಎರಡಷ್ಟೇ ತಿರುಗುವಂಥವು. ರಬ್ಬರ್ ಹಾಸಿನ ಜಾಗದಲ್ಲಿ ಎಂಜಿನ್ನಿನ ತೋಳಿಗೆ ಸರಿಯಾಗಿ ಕೊರೆದ ನಾಲ್ಕು ಮರದ ತುಂಡು. ತಳ್ಳುವ ಹಿಡಿ ಮಾತ್ರ ತಮ್ಮನ ಎದೆಯ ಮಟ್ಟಕ್ಕೆ, ಅವನು ಒಂದಿಷ್ಟೂ ಬಗ್ಗಬಾರದೆಂದು. ಈ ಗಾಡಿ ನೋಡಲಿಕ್ಕೆ ಚಂದವಿರಲಿಲ್ಲ, ಕುಳ್ಳಗೆ ಅಗಲಕ್ಕೆ ಆಮೆಯಂತಿತ್ತು.

ಒಂದನೇ ತಾರೀಖಿಗೆ ಮುಂಚಿನ ದಿನ ಅಕ್ಕನಿಗೆ ರಜೆಯಿತ್ತು. ತಮ್ಮನ ಹೆಂಡತಿ ಗ್ಯಾರೇಜು ಖಾಲಿ ಮಾಡಲು ಬೆಳಿಗ್ಗೆಯೇ ಬಂದು, ಗೋಡೆಯ ಮೊಳೆಗಳಿಂದ ಸ್ಪ್ಯಾನರುಗಳನ್ನು ಒಂದೊಂದಾಗಿ ತೆಗೆದು ಪೆಟ್ಟಿಗೆಗೆ ಹಾಕುತ್ತಿದ್ದಳು. ಗಂಡನ ಅಕ್ಕ ಮತ್ತೆ ಗಾಡಿ ತಂದದ್ದನ್ನು ನೋಡಿ ಅವಳ ಮುಖ ಗಂಟಿಕ್ಕಿತು.

"ಅತ್ತಿಗೆ, ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ಆದ್ರೆ ಆವತ್ತು ನೀವು ಎಳೀದೇ ಇದ್ದಿದ್ರೆ ಇವರು ಇವತ್ತು ಹಾಸಿಗೇಲಿ ಇರ್ತಿದ್ರು. ನನಗೆ ಇನ್ನು ಧೈರ್ಯ ಇಲ್ಲ."

"ಧೈರ್ಯ ಬೇಡಮ್ಮ. ಸುಮ್ಮನೆ ನಿಂತು ನೋಡು" ಎಂದಳು ಗಾಲಿ ಅಕ್ಕ.

ತಮ್ಮನಿಗೆ ಕೈಕಟ್ಟಿ ಗೋಡೆಗೆ ಒರಗಿ ನಿಲ್ಲುವಂತೆ ಹೇಳಿದಳು. ಟಿಂಕರ್ ಆ ಹಳೆಯ ಎಂಜಿನ್ನನ್ನೇ ಗಾಡಿಗಿಳಿಸಿದ. ಈ ಸಲ ಅವಳು ಗಾಡಿ ಚೆನ್ನಾಗಿದೆಯೇ ಎಂದು ನೋಡಲಿಲ್ಲ, ಕೆಡಲೆಂದೇ ಹಟ ಹಿಡಿದಳು. ಜಾಲರಿಯ ಮೇಲೆ ಓರೆಯಾಗಿ ತಳ್ಳಿದಳು, ನಡುವೆ ಗಕ್ಕನೆ ನಿಲ್ಲಿಸಿದಳು, ಪಕ್ಕದಿಂದ ಕಾಲಲ್ಲಿ ಒದ್ದಳು. ಕೊನೆಗೆ ಜಾಲರಿಯ ಮೇಲೆಯೇ ನಿಲ್ಲಿಸಿ, ಹಿಂದಿನ ಒಂದು ಗಾಲಿಯ ಪಿನ್ನನ್ನೇ ಸುತ್ತಿಗೆಯಿಂದ ಹೊಡೆದು ಕಿತ್ತಳು. ತಮ್ಮನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಗಾಲಿ ಕಳಚಿತು. ಗಾಡಿ ಆ ಮೂಲೆಯಲ್ಲಿ ನಾಲ್ಕು ಬೆರಳು ಕುಸಿದು ಜಾಲರಿಗೆ ತಾಗಿ ಸುಮ್ಮನೆ ಕೂತಿತು. ಎಂಜಿನ್ ಮಿಸುಕಲಿಲ್ಲ.

"ಇಷ್ಟೇ ಬೀಳೋದು. ಇದಕ್ಕಿಂತ ಕೆಳಗೆ ಬೀಳೋಕೆ ಜಾಗ ಇಲ್ಲ" ಎಂದಳು ಗಾಲಿ ಅಕ್ಕ.

ಟಿಂಕರ್ ಸನ್ನೆಗೋಲು ಕೊಟ್ಟು ಮೂಲೆ ಎತ್ತಿದ, ಅವಳು ಗಾಲಿ ಮತ್ತೆ ಕೂರಿಸಿದಳು. ತಮ್ಮ ಗೋಡೆ ಬಿಟ್ಟು ಮುಂದೆ ಬಂದ. ಅವನಿಗಿಂತ ಮೊದಲು ಅವನ ಹೆಂಡತಿ ಬಂದಳು.

"ಇರಿ, ನಾನು ತಳ್ತೀನಿ."

ಎಂಜಿನ್ನಿನ ಅಷ್ಟು ಸಮೀಪಕ್ಕೆ ಅವಳು ಹೋದದ್ದೇ ಅವತ್ತು. ಮೊದಲು ಎರಡು ಕೈ ಹಾಕಿದಳು. ಗಾಡಿ ಕದಲಿತು. ಜಾಲರಿಯ ಹತ್ತಿರ ಕ್ಷಣ ನಿಂತಳು, ಅತ್ತಿಗೆಯ ಮುಖ ನೋಡಿದಳು, ತಳ್ಳಿದಳು. ಗಾಡಿ ಗಡಗಡ ಅಂದು ದಾಟಿತು. ಉಳಿದ ಹೆಜ್ಜೆಗಳನ್ನು ಅವಳು ಒಂದೇ ಕೈಯಲ್ಲಿ ತಳ್ಳಿಕೊಂಡು ಹೋಗಿ, ಒಳಕೋಣೆಯ ಚೈನ್ ಪುಲ್ಲಿಯ ಕೆಳಗೆ ನಿಲ್ಲಿಸಿ, ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.

"ಇಷ್ಟೇನಾ?" ಅಂದಳು. "ಇಷ್ಟಕ್ಕೆ ಇವರ ಬೆನ್ನು ಹೋಯ್ತಾ?" ಅವಳ ಕಣ್ಣಲ್ಲಿ ನೀರಾಡಿತು. ತಮ್ಮ ಬಾಗಿಲಲ್ಲೇ ನಿಂತಿದ್ದ, ಅವನ ಕಣ್ಣೂ ಒದ್ದೆಯಾಗಿತ್ತು.

ಅವಳು ಫೋನು ತೆಗೆದು ಬಿಡಿಭಾಗದ ಅಂಗಡಿಯವರಿಗೆ ತಾನೇ ಮಾತಾಡಿದಳು. ನಾಳೆ ಇವರು ಬರುವುದಿಲ್ಲ, ನಾಳಿದ್ದೂ ಬರುವುದಿಲ್ಲ, ಕುರ್ಚಿ ಬೇರೆಯವರಿಗೆ ಕೊಡಿ ಎಂದಳು. ಆಮೇಲೆ ಪೆಟ್ಟಿಗೆಯ ಮುಂದೆ ಕೂತು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಗೋಡೆಯ ಮೊಳೆಗಳಿಗೆ ಮತ್ತೆ ತೂಗುಹಾಕಿದಳು. ಯಾವುದೂ ಅದರ ಜಾಗದಲ್ಲಿರಲಿಲ್ಲ. ಒಂದು ಸ್ಪ್ಯಾನರು ಅತ್ತಿತ್ತ ಸರಿದರೆ ಇಡೀ ಗ್ಯಾರೇಜೇ ಕೇಳುವಂತೆ ಕೂಗಾಡುತ್ತಿದ್ದ ತಮ್ಮ ನೋಡುತ್ತ ನಿಂತ, ಒಂದನ್ನೂ ತೆಗೆದು ಅದರ ಮೊಳೆಗೆ ಹಾಕಲಿಲ್ಲ.