ಶೆಡ್ಡಿನೊಳಗಿನ ಸವತಿ

ಟೈಲರಮ್ಮನಿಗೆ ಒಬ್ಬಳು ಸವತಿ ಇದ್ದಳು. ಮಾಸಿದ ಹಸಿರು ಬಣ್ಣ, ಚೌಕ ಮುಖ, ನಾಲ್ಕು ಚಕ್ರ. ಮನೆಯ ಮುಂದಿನ ಶೆಡ್ಡಿನಲ್ಲಿ ಆರೇಳು ವರ್ಷದಿಂದ ಠಿಕಾಣಿ ಹೂಡಿದ್ದ ಆ ಜೀಪನ್ನು ಅವಳು ಬಾಯಿ ಬಿಟ್ಟೇ ಸವತಿ ಎಂದು ಕರೆಯುತ್ತಿದ್ದಳು. ಗಂಡನಿಗೆ ಅದರಿಂದ ಬೇಸರವೇನೂ ಆಗುತ್ತಿರಲಿಲ್ಲ. ಒಂದು ರೀತಿಯಲ್ಲಿ ಸಂಬಂಧ ಒಪ್ಪಿಕೊಂಡಳಲ್ಲ ಎಂಬ ಸಮಾಧಾನವೇ ಇತ್ತು.

ಶೆಡ್ಡಿಗೆ ರಸ್ತೆಯ ಕಡೆ ದೊಡ್ಡ ಬಾಗಿಲು. ಬೆಳಗಿನ ಬೆಳಕು ನೇರ ಒಳಗೆ ಬೀಳುತ್ತಿತ್ತು. ಅಲ್ಲೊಂದು ಹೊಲಿಗೆ ಅಂಗಡಿ ಇಟ್ಟರೆ ಎಷ್ಟು ಚೆಂದ ಎಂದು ಟೈಲರಮ್ಮ ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದಳು. ಅಂದುಕೊಳ್ಳದೆ ಏನು ಮಾಡಿಯಾಳು? ಅವಳ ಹೊಲಿಗೆ ಯಂತ್ರ ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಕಿಷ್ಕಿಂಧೆಯಲ್ಲಿ. ಗಂಡ ಸ್ನಾನಕ್ಕೆ ಹೊರಟರೆ ಅವಳು ಎರಡೂ ಕಾಲನ್ನು ಸ್ಟೂಲಿನ ಮೇಲೆ ಮಡಚಿಕೊಂಡು ದಾರಿ ಬಿಡಬೇಕು. ಅಳತೆ ಕೊಡಲು ಬಂದವರಿಗೆ ಕೈ ಅಗಲಿಸಿ ಎಂದರೆ ಒಂದು ಕೈ ಒಲೆಯ ಹತ್ತಿರ, ಇನ್ನೊಂದು ಕೈ ಬಚ್ಚಲ ಬಾಗಿಲಲ್ಲಿ. ಹೊಲಿದ ಬಟ್ಟೆ ಹಾಕಿ ನೋಡಲು ಬಚ್ಚಲಿಗೇ ಹೋಗಬೇಕು. ಒಮ್ಮೆ ಬೇಕರಿಯ ಯಜಮಾನರು ಹೊಸ ಅಂಗಿ ತೊಟ್ಟು ನೋಡಲು ಒಳಗೆ ಹೋದವರು, ತಿರುಗುವಾಗ ನಲ್ಲಿ ಒತ್ತಿಕೊಂಡು ಮಿಂದೇ ಹೊರಗೆ ಬಂದಿದ್ದರು.

ಗಂಡ ಮೆಕ್ಯಾನಿಕ್ಕು. ಊರೆಲ್ಲ ಅವನನ್ನು 'ಇನ್ನೊಂಚೂರು' ಎಂದೇ ಕರೆಯುವುದು. ಯಾವ ಕೆಲಸವೂ ಮುಗಿಯಿತು ಎಂದು ಅವನ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. ಸರಿಯಾಗಿದೆ, ಇನ್ನೊಂಚೂರು ಬಿಗಿ ಮಾಡಿದರೆ ಸಾಕು ಎನ್ನುತ್ತಾನೆ, ತಿರುಪು ತುಂಡಾಗುತ್ತದೆ. ಮನೆಯ ಗೋಡೆ ಗಡಿಯಾರ ಸ್ವಲ್ಪ ಹಿಂದೆ ಓಡುತ್ತದೆಂದು ಬಿಚ್ಚಿದ. ಈಗ ಅದು ಎಷ್ಟು ಮುಂದೆ ಓಡುತ್ತದೆಂದರೆ ಆ ಮನೆಯಲ್ಲಿ ಮಧ್ಯಾಹ್ನದ ಹಸಿವು ಹನ್ನೊಂದಕ್ಕೇ ಶುರುವಾಗುತ್ತದೆ. ಕೆಟ್ಟ ಮನುಷ್ಯನಲ್ಲ. ಕುಡಿತವಿಲ್ಲ, ಜೂಜಿಲ್ಲ, ಹೆಂಡತಿಗೆ ಎದುರು ಮಾತಿಲ್ಲ. ಸ್ಕ್ರೂಡ್ರೈವರ್ ಒಂದನ್ನು ಅವನ ಕೈಯಿಂದ ಕಿತ್ತುಕೊಂಡರೆ ದೇವರಂಥವನು.

ಜೀಪಿನ ಪೆಟ್ರೋಲ್ ಎಂಜಿನ್ ಸತ್ತಾಗ ಬುದ್ಧಿ ಇದ್ದವರು ಅದನ್ನು ಗುಜರಿಗೆ ಹಾಕುತ್ತಿದ್ದರು. ಇವನು ಎಲ್ಲೋ ಮಗುಚಿಬಿದ್ದ ಸಾಮಾನಿನ ವ್ಯಾನೊಂದರ ಡೀಸೆಲ್ ಎಂಜಿನ್ ತಂದು ಅದರ ಹೊಟ್ಟೆಗೆ ಇಳಿಸಿದ. ಇಳಿಸಿದ್ದು ಒಂದೇ ವಾರದಲ್ಲಿ. ಆದರೆ ಎತ್ತಿನ ಕೊರಳಿಗೆ ಆನೆಯ ಗಂಟೆ ಕಟ್ಟಿದ ಹಾಗಾಯಿತು. ಚಾಲೂ ಮಾಡಿದರೆ ಜೀಪು ನಿಂತಲ್ಲೇ ನಡುಗುತ್ತಿತ್ತು, ಕನ್ನಡಿ ತಾನಾಗಿ ಒಳಕ್ಕೆ ತಿರುಗಿ ಚಾಲಕನ ಮೂಗು ತೋರಿಸುತ್ತಿತ್ತು, ಹಾರನ್ನು ಯಾರೂ ಮುಟ್ಟದೆ ಕೂಗುತ್ತಿತ್ತು. ಅಲ್ಲಿಂದ ಅವನ ಹೊಂದಾಣಿಕೆ ಶುರು. ಎಂಜಿನ್ನಿನ ಕೆಳಗಿನ ರಬ್ಬರು ಬದಲಿಸಿದ. ಪಂಪಿನ ತಿರುಪನ್ನು ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ ತಿರುಗಿಸಿದ. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಮದುವೆಯಾದ ಮೇಲೆ ತನ್ನ ಮಾತನ್ನು ಅವನು ಅಷ್ಟು ಗಮನವಿಟ್ಟು ಕೇಳಿದ್ದು ಟೈಲರಮ್ಮನಿಗೆ ನೆನಪಿಲ್ಲ.

ಶೆಡ್ಡಿನ ಹಿಂದಿನ ಗೋಡೆಗೇ ಅವಳ ಯಂತ್ರ ತಾಗಿಕೊಂಡಿತ್ತು. ಆ ಕಡೆ ಎಂಜಿನ್ ನಡುಗಿದರೆ ಈ ಕಡೆ ಸೂಜಿ ನಡುಗುತ್ತಿತ್ತು. ಶಾಲೆಯ ಸಮವಸ್ತ್ರಕ್ಕೆ ಹೊಲಿದ ಜೇಬುಗಳು ಹಾವಿನ ಹಾಗೆ ಹರಿದಾಡುತ್ತಿದ್ದವು. ಮೊದಮೊದಲು ಅವಳು ಗೋಡೆ ಗುದ್ದಿ ಜಗಳಾಡಿದಳು. ಆಮೇಲೆ ಗಂಡನಿಗೆ ಅದೇ ಅನುಕೂಲವಾಯಿತು. ತಿರುಪು ತಿರುಗಿಸಿ, ಈಗ ಹೇಗಿದೆ ಎಂದು ಗೋಡೆಯಾಚೆಯಿಂದ ಕೂಗುತ್ತಿದ್ದ. ಅವಳು ಹೊಲಿಗೆ ನೋಡಿ, ಜೇಬು ಎಡಕ್ಕೆ ಸೊಟ್ಟ ಎಂದು ಕೂಗಿ ಹೇಳುತ್ತಿದ್ದಳು. ಹೀಗೆ ಎರಡು ಶಾಲೆಗಳ ಮಕ್ಕಳ ಎದೆಯ ಮೇಲೆ ಆ ಎಂಜಿನ್ನಿನ ಇತಿಹಾಸವೇ ಬರೆದುಹೋಯಿತು.

ಕೊನೆಗೊಂದು ಶುಕ್ರವಾರ ಗೋಡೆಯಾಚೆ ಎಂಜಿನ್ ಗುಂಯ್‌ಗುಡುತ್ತಿದ್ದಾಗಲೇ ಜೇಬು ನೂಲು ಹಿಡಿದಂತೆ ನೇರ ಬಂತು. ಟೈಲರಮ್ಮ ಆ ಅಂಗಿಯನ್ನು ಹಿಡಿದುಕೊಂಡೇ ಶೆಡ್ಡಿಗೆ ಹೋದಳು. ಗಂಡ ಆಗಲೇ ಸ್ಕ್ರೂಡ್ರೈವರ್ ಎತ್ತಿಕೊಂಡಿದ್ದ.

"ಜೇಬು ನೇರ ಬಂತು. ಇನ್ನು ತಿರುಪು ಮುಟ್ಟಿದ್ರೆ ನಾನು ಸುಮ್ನಿರಲ್ಲ," ಎಂದಳು. "ಭಾನುವಾರ ಟ್ಯಾಂಕಿನ ಗುಡ್ಡ ಹತ್ತಿಸಿ. ಹತ್ತಿದ್ರೆ ಈ ಶೆಡ್ಡು ಅದಕ್ಕೇ ಇರಲಿ, ನಾನಿನ್ನು ಆ ಮಾತೇ ಎತ್ತಲ್ಲ. ಹತ್ತಲಿಲ್ವೋ, ಸೋಮವಾರ ಗುಜರಿಯವನು ಬರ್ತಾನೆ."

ಟ್ಯಾಂಕಿನ ಗುಡ್ಡ ಊರಿನ ಹಿಂದೆಯೇ ಇದೆ. ನೆತ್ತಿಯ ಮೇಲೆ ನೀರಿನ ಟ್ಯಾಂಕು, ಅಲ್ಲಿಗೆ ಕಲ್ಲು ಕೊರಕಲಿನ ಕಡಿದಾದ ದಾರಿ. ಊರಿನ ಗಾಡಿಗಳಲ್ಲಿ ಟ್ರ್ಯಾಕ್ಟರು ಬಿಟ್ಟರೆ ಬೇರೇನೂ ಹತ್ತುವುದಿಲ್ಲ. ಗಂಡ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿಕೊಂಡ. ಅವನಿಗೆ ಎಂಜಿನ್ನಿನ ಮೇಲೆ ನಂಬಿಕೆ. ಅವಳಿಗೆ ಗುಡ್ಡದ ಮೇಲೆ.

ಆ ಎರಡು ದಿನ ಇಬ್ಬರೂ ತಯಾರಿ ನಡೆಸಿದರು. ಅವಳು ಟೇಪು ಹಿಡಿದು ಶೆಡ್ಡಿನ ಅಳತೆ ತೆಗೆದುಕೊಂಡಳು. ಕನ್ನಡಿ ಇಲ್ಲಿ, ಕತ್ತರಿಸುವ ಮೇಜು ಅಲ್ಲಿ, ಪರದೆ ಆ ಮೂಲೆಗೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಅವನು ಅವಳ ಸೀಮೆಸುಣ್ಣದ ನಡುವೆಯೇ ಜೀಪು ತೊಳೆದ. ಅಟ್ಟದ ಮೇಲೆ ಎಸೆದಿದ್ದ ಬಾನೆಟ್ಟನ್ನು ಇಳಿಸಿದ. ಇಷ್ಟು ವರ್ಷ ಎಂಜಿನ್ನನ್ನು ಬಿಚ್ಚುವುದು ಮುಚ್ಚುವುದೇ ಕೆಲಸವಾಗಿದ್ದರಿಂದ ಬಾನೆಟ್ ಹಾಕುವ ಗೋಜಿಗೇ ಅವನು ಹೋಗಿರಲಿಲ್ಲ. ರಸ್ತೆಯಲ್ಲಿ ಓಡಿಸಿ ನೋಡುವಾಗಲೂ ಅದು ಬರೀ ಮೈಯಲ್ಲೇ ಓಡುತ್ತಿತ್ತು. ಗುಡ್ಡ ಹತ್ತುವ ದಿನ ಮರ್ಯಾದೆಯಾಗಿ ಹೋಗಲಿ ಎಂದು ಬಾನೆಟ್ಟಿಗೆ ಒಳಗೂ ಹೊರಗೂ ಹೊಸ ಹಸಿರು ಬಣ್ಣ ಬಳಿದ, ಭಾನುವಾರ ಬೆಳಿಗ್ಗೆ ಎರಡು ಬೋಲ್ಟು ಹಾಕಿ ಕೂರಿಸಿದ. ಸ್ವಲ್ಪ ಒತ್ತಿ ಮುಚ್ಚಬೇಕಾಯಿತು. ಬಹಳ ದಿನದ ಮೇಲೆ ಅಲ್ಲವೇ ಎಂದುಕೊಂಡ. ಹೆತ್ತವರಿಗೆ ಹೆಗ್ಗಣ ಮುದ್ದು. ಒಂದು ಸುತ್ತು ನಡೆದು ನೋಡಿ, ಮದುವಣಗಿತ್ತಿಯ ಹಾಗಿದೆ ಎಂದ. ಟೈಲರಮ್ಮ ಪರದೆಯ ಗುರುತನ್ನು ಇನ್ನೊಮ್ಮೆ ದಪ್ಪಗೆ ಗೀಚಿದಳು.

ತೀರ್ಪುಗಾರರಾಗಿ ಬಂದವರು ಭಾವ, ಅಂದರೆ ಅವಳ ಅಕ್ಕನ ಗಂಡ. ಅವರ ಹತ್ತಿರ ಅಂಗಡಿಯಿಂದ ನೇರ ಬಂದ ಹೊಸ ದೊಡ್ಡ ಗಾಡಿ ಇತ್ತು. ಗುಡ್ಡಗಾಡಿಗೆಂದೇ ಮಾಡಿದ್ದು. ಅದರಲ್ಲಿ ಅವರು ತರಕಾರಿ ತರುತ್ತಿದ್ದರು. ಷಡ್ಡಕನ ಜೀಪಿನ ವಿಷಯ ಬಂದರೆ ಭಾವನಿಗೆ ಊಟ ಹೆಚ್ಚು ಸೇರುತ್ತಿತ್ತು.

ಜೀಪಿನಲ್ಲಿ ಗಂಡನ ಪಕ್ಕ ಟೈಲರಮ್ಮ, ಹಿಂದೆ ಭಾವನ ಗಾಡಿ. ಸಮತಟ್ಟು ರಸ್ತೆಯಲ್ಲಿ ಜೀಪು ತಕರಾರಿಲ್ಲದೆ ಓಡಿತು. ಏರು ಶುರುವಾಗಿ ಮೊದಲ ತಿರುವು ದಾಟಿದ್ದೇ ತಡ, ಹಿಂದಿನಿಂದ ಭಕಭಕ ಕಪ್ಪು ಹೊಗೆ. ಉಬ್ಬಸದವರ ಹಾಗೆ ಏದುಸಿರು ಬಿಟ್ಟು ನಿಂತೇಹೋಯಿತು. ಗಂಡ ಹಾರಿ ಇಳಿದು ಬಾನೆಟ್ ಎತ್ತಿದ. ಎತ್ತಿ ನಿಲ್ಲಿಸುವ ಕಡ್ಡಿ ಎಂದೋ ಕಳೆದುಹೋಗಿದ್ದರಿಂದ ಟೈಲರಮ್ಮ ಕೈಯಲ್ಲೇ ಎತ್ತಿ ಹಿಡಿದುಕೊಂಡಳು. ಚಾಲೂ ಮಾಡಿದರೆ ಎಂಜಿನ್ ಜೋಗುಳದ ಹಾಗೆ ಓಡಿತು. ಮುಚ್ಚಿ ಹೊರಟರೆ ನಾಲ್ಕು ಮಾರು ಹೋಗಿ ಮತ್ತೆ ಹೊಗೆ. ಮತ್ತೆ ಎತ್ತಿದ, ಮತ್ತೆ ಜೋಗುಳ. ಮುಚ್ಚಿದ, ಉಬ್ಬಸ. ಡೀಸೆಲ್ಲಿನಲ್ಲಿ ಕಲಬೆರಕೆ ಇರಬೇಕು ಎಂದ. ಎತ್ತರಕ್ಕೆ ಬಂದ ಹಾಗೆ ಗಾಳಿ ತೆಳುವಾಗುತ್ತದೆ ಎಂದ. ಅಲ್ಲಿಂದ ಕೆಳಗೆ ನೋಡಿದರೆ ಮನೆಯ ಮುಂದೆ ಒಣಹಾಕಿದ ಟವೆಲ್ಲು ಕಾಣಿಸುತ್ತಿತ್ತು, ಅಷ್ಟು ಎತ್ತರ. ಕೊನೆಗೆ ಪಂಪಿನ ತಿರುಪೇ ಇರಬೇಕೆಂದು ಅದರೊಳಗೆ ತಲೆ ಹಾಕಿದ.

ಬಾನೆಟ್ ಹಿಡಿದು ನಿಂತ ಟೈಲರಮ್ಮನಿಗೆ ನೋಡಲು ಬೇರೇನೂ ಇರಲಿಲ್ಲ. ಬಾನೆಟ್ಟಿನ ಒಳಮೈಯನ್ನೇ ನೋಡಿದಳು. ಹೊಸ ಹಸಿರು ಬಣ್ಣ ಒಂದೇ ಒಂದು ಕಡೆ, ತಟ್ಟೆಯಗಲ, ಉಜ್ಜಿ ಎದ್ದುಹೋಗಿತ್ತು. ಕೆಳಗೆ ನೋಡಿದಳು. ಎಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ಕಪ್ಪು ರಬ್ಬರ್ ಕೊಳವೆಯ ಗೂನು ಬೆನ್ನಿಗೆ ಅದೇ ಹಸಿರು ಮೆತ್ತಿಕೊಂಡಿತ್ತು. ಬಟ್ಟೆ ಎಲ್ಲಿ ಬಿಗಿಯೋ ಅಲ್ಲಿ ಉಜ್ಜುತ್ತದೆ, ಉಜ್ಜಿದಲ್ಲಿ ಬಣ್ಣ ಹೋಗುತ್ತದೆ. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವ್ಯಾನಿನ ಎಂಜಿನ್ ಜೀಪಿಗೆ ಎತ್ತರವಾಗಿತ್ತು. ಮುಚ್ಚಿದಾಗೆಲ್ಲ ಬಾನೆಟ್ ಆ ಕೊಳವೆಯನ್ನು ಚಪ್ಪಟೆ ಮಾಡಿ ಜೀಪಿನ ಕತ್ತು ಹಿಸುಕುತ್ತಿತ್ತು. ಅಷ್ಟೇ ಸಂಗತಿ.

ಟೈಲರಮ್ಮ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಇಲ್ಲಿ ಮೌನ ಅಂದರೆ ಒಂದು ಇಡೀ ಶೆಡ್ಡು. ಬೆಳಗಿನ ಬೆಳಕು, ಆಳೆತ್ತರದ ಕನ್ನಡಿ, ಕಾಲು ಮಡಚದೆ ಕೂರುವ ಸುಖ. ಅವಳು ಸುಳ್ಳು ಹೇಳಬೇಕಿರಲಿಲ್ಲ, ಮೋಸ ಮಾಡಬೇಕಿರಲಿಲ್ಲ. ಇನ್ನೊಂದು ಗಳಿಗೆ ಆಕಾಶ ನೋಡಿಕೊಂಡು ನಿಂತರೆ ಸಾಕಿತ್ತು. ಅವಳು ನಿಜವಾಗಿಯೂ ಆಕಾಶ ನೋಡಿದಳು.

ಅಷ್ಟರಲ್ಲಿ ಹಿಂದೆ ನಿಂತಿದ್ದ ಗಾಡಿಯಿಂದ ಭಾವ ಇಳಿದು ಬಂದರು. ಅವರ ಕೈಯಲ್ಲಿ ಎಳೆಯುವ ಹಗ್ಗ. ಹಗ್ಗ ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇತ್ತು. ಇವತ್ತಿಗೆಂದೇ ನಿನ್ನೆ ತೆಗೆದುಕೊಂಡದ್ದು ಎಂದು ಅವರೇ ಹೇಳಿದರು. ಹೇಳುತ್ತಾ ಹಲ್ಲಿನಿಂದ ಹೊದಿಕೆ ಕಚ್ಚಿ ಹರಿದರು, ಅಕ್ಕನಿಗೆ ಕಳಿಸಲು ಮೊಬೈಲಿನಲ್ಲಿ ಹೊಗೆಯ ಚಿತ್ರ ತೆಗೆದರು. ಅವರ ನಗು ಕಿವಿಯಿಂದ ಕಿವಿಗೆ ಹೋಗಿ ಇನ್ನೂ ಜಾಗ ಹುಡುಕುತ್ತಿತ್ತು. "ಮುಂದಿನ ಸಲ ಏನಾದ್ರೂ ತಗೊಳ್ಳೋದಿದ್ರೆ ನನ್ನನ್ನೊಂದು ಮಾತು ಕೇಳಪ್ಪ," ಎಂದರು.

ಗಂಡ ಸ್ಕ್ರೂಡ್ರೈವರನ್ನು ಜೇಬಿಗೆ ಇಳಿಸಿದ. ಎರಡೂ ಕೈ ಜೋತುಬಿದ್ದವು. ಆ ಕೈಗಳು ಖಾಲಿ ಇದ್ದದ್ದನ್ನು ಟೈಲರಮ್ಮ ನೋಡಿಯೇ ಇರಲಿಲ್ಲ. ಅವಳ ಮೈಯೆಲ್ಲ ಉರಿಯಿತು. ನನ್ನ ಗಂಡ ದಡ್ಡನೇ ಇರಬಹುದು, ಅವನಿಗೆ ದಡ್ಡ ಅನ್ನಲು ನಾನಿದ್ದೇನೆ. ಅದಕ್ಕೆ ಹೊರಗಿನವರು ಹಗ್ಗ ಕೊಂಡು ತರಬೇಕಾಗಿಲ್ಲ.

"ರೀ, ಆ ಪಂಪು ಬಿಡಿ," ಎಂದಳು. "ಇದಕ್ಕೆ ಕತ್ತು ಬಿಗಿಯಾಗಿದೆ. ಬಾನೆಟ್ ಕಳಚಿ."

ಅವನು ತಲೆ ಎತ್ತಿದ. ಅವಳು ಬೆರಳು ತೋರಿಸಿದ ಕಡೆ ನೋಡಿದ, ಮೇಲಿನ ಗುರುತು, ಕೆಳಗಿನ ಹಸಿರು. ಆರೇಳು ವರ್ಷ ಕಿವಿಯಿಟ್ಟು ಕೇಳಿದ ಎಂಜಿನ್ನನ್ನು ಆಗಷ್ಟೇ ಕಣ್ಣಿಂದ ನೋಡಿದ ಹಾಗಿತ್ತು ಅವನ ಮುಖ. ಎರಡು ಬೋಲ್ಟು ಬಿಚ್ಚಿ ಬಾನೆಟ್ಟನ್ನು ಜೀಪಿನ ಹಿಂಬದಿಗೆ ಹಾಕಿದರು. ಅದು ಹಾರಿಹೋಗದಂತೆ ಟೈಲರಮ್ಮ ಅದರ ಮೇಲೆಯೇ ಕುಳಿತಳು. ಜೀಪು ಒಂದು ಸಲ ಕೆಮ್ಮಿ, ಕೊರಕಲು ಕಲ್ಲು ಒಂದನ್ನೂ ಲೆಕ್ಕಿಸದೆ ಏರಿತು. ಕೊನೆಯ ಏರಿನಲ್ಲಿ ಅವಳು ಬಾನೆಟ್ ಸಮೇತ ಹಿಂದಕ್ಕೆ ಜಾರಿ ಹಿಂಬಾಗಿಲಿಗೆ ಒರಗಿದ್ದಳು, ಬಾಯಲ್ಲಿ ಮಾತ್ರ ನಿಲ್ಲಿಸಬೇಡಿ, ನಿಲ್ಲಿಸಬೇಡಿ ಎನ್ನುತ್ತಿದ್ದಳು. ಟ್ಯಾಂಕಿನ ಗೋಡೆ ಮುಟ್ಟಿ ನಿಂತಾಗ ಅವಳ ಮುಖದ ತುಂಬ ಧೂಳು, ಜೀರುಂಡೆಗಳು ಕಿವಿಯೊಳಗೆ ಕೂತಂತೆ ಸದ್ದು.

ಭಾವ ಹಿಂದಿನಿಂದಲೇ ಬಂದರು. ಅವರ ಗಾಡಿ ಗಾಜು ಏರಿಸಿಕೊಂಡು, ತಣ್ಣಗೆ, ತಲೆಗೂದಲು ಕೆದರದೆ ಹತ್ತಿತ್ತು. ಪರವಾಗಿಲ್ಲ ಎಂದು ಒಂದು ಮಾತು ಹೇಳಿ, ಹಗ್ಗವನ್ನು ಹರಿದ ಹೊದಿಕೆಯೊಳಗೆ ಮತ್ತೆ ತುರುಕಲು ಕೂತರು. ಅಂಗಡಿಯವನು ವಾಪಸು ತೆಗೆದುಕೊಳ್ಳುತ್ತಾನೋ ಇಲ್ಲವೋ ಎಂಬುದೇ ಅವರ ಚಿಂತೆ.

ಇಳಿಯುವ ದಾರಿಯಲ್ಲಿ ಗಂಡ ಮೊದಲ ತಿರುವಿನವರೆಗೂ ಎಂಜಿನ್ನಿನ ಸದ್ದನ್ನೇ ಕೇಳಿಕೊಂಡು ಬಂದ.

"ನೀನು ಸುಮ್ನಿದ್ದಿದ್ರೆ ಶೆಡ್ಡು ನಿಂದಾಗ್ತಿತ್ತು," ಎಂದ ಆಮೇಲೆ.

"ಗೊತ್ತು."

"ಮತ್ಯಾಕೆ ಹೇಳಿದೆ?"

"ಭಾವನ ಹಲ್ಲು ನೋಡೋಕಾಗ್ಲಿಲ್ಲ," ಎಂದಳು ಟೈಲರಮ್ಮ. ಅದು ಅರ್ಧ ನಿಜ. ಉಳಿದರ್ಧವನ್ನು ಗಂಡನಿಗೆ ಹೇಳಿದರೆ ತಲೆಗೇರುತ್ತದೆಂದು ಹೇಳಲಿಲ್ಲ. ಆ ರಾತ್ರಿ ಅವಳು ಮಗ್ಗುಲಾಗಿ ಸ್ವಲ್ಪ ಅತ್ತಳು. ಶೆಡ್ಡು ಹೋಯಿತಲ್ಲ ಎಂದು ಅತ್ತದ್ದೇ, ಬೇರೇನೂ ಇಲ್ಲ.

ಸೋಮವಾರ ಬೆಳಿಗ್ಗೆ ಎದ್ದರೆ ಶೆಡ್ಡು ಖಾಲಿ. ಜೀಪು ಹೊರಗೆ, ರಸ್ತೆಯ ಬದಿ, ಎಂಜಿನ್ ತೆರೆದುಕೊಂಡು ನಿಂತಿತ್ತು. ಗಂಡ ಒಳಗೆ ನೆಲ ಉಜ್ಜುತ್ತಿದ್ದ. ಇದೇನು, ಗೆದ್ದವರು ನೀವಲ್ಲವೇ ಎಂದು ಅವಳು ಕೇಳಿದಳು. ಅವನು ಪೊರಕೆ ಹಿಡಿದೇ ವಾದ ಮಂಡಿಸಿದ.

"ಪಂದ್ಯ ಕಟ್ಟಿದ್ದು ಜೀಪಿನ ಮೇಲೆ. ಬಾನೆಟ್ಟೂ ಜೀಪಿಗೇ ಸೇರಿದ್ದು. ಗುಡ್ಡ ಹತ್ತಿದ್ದು ಬಾನೆಟ್ ಇಲ್ಲದ ಜೀಪು. ಆ ಲೆಕ್ಕದಲ್ಲಿ ನಾನು ಸೋತೆ ಕಣೇ."

ಬಾನೆಟ್ಟೂ ಜೀಪಿನಲ್ಲೇ, ತನ್ನ ಕೆಳಗೆ ಕೂತು ಹತ್ತಿತ್ತೆಂದು ಅವಳು ತಿದ್ದಬಹುದಿತ್ತು. ಈ ಸಲ ನಿಜಕ್ಕೂ ಬಾಯಿ ಮುಚ್ಚಿಕೊಂಡಳು. ಎರಡು ದಿನದಲ್ಲಿ ಯಂತ್ರ, ಕನ್ನಡಿ, ಪರದೆ ಎಲ್ಲ ಬಂದು ಕೂತವು. ಜೀಪಿಗೆ ಹೊಂದದ ಬಾನೆಟ್ಟನ್ನು ಗಂಡ ಬಾಗಿಲ ಮೇಲೆ ತೂಗುಹಾಕಿ, ಹಸಿರಿನ ಮೇಲೆ ಬಿಳಿ ಬಣ್ಣದಲ್ಲಿ 'ಇಲ್ಲಿ ಬಟ್ಟೆ ಹೊಲಿದುಕೊಡಲಾಗುವುದು' ಎಂದು ಬರೆದ. ಅಕ್ಷರ ನೇರ ಬರಲಿಲ್ಲವೆಂದು ಅಳಿಸಲು ಹೊರಟವನನ್ನು ಅವಳು ಏಣಿಯಿಂದ ಇಳಿಸಿದಳು.

ಹೊಸ ಅಂಗಡಿಗೆ ಮೊದಲ ಗಿರಾಕಿಯಾಗಿ ಬಂದವನು ಅವನೇ. ಆಕಾಶದಲ್ಲಿ ಮೋಡ ಕಟ್ಟಿತ್ತು, ಎಂಜಿನ್ ನೆನೆದರೆ ಕೆಟ್ಟುಹೋಗುತ್ತದೆ. ಜೀಪಿಗೊಂದು ದಪ್ಪ ಕ್ಯಾನ್ವಾಸಿನ ಮುಸುಕು ಬೇಕಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಎರಡೂ ಕೈ ಕಟ್ಟಿಕೊಂಡು ಕೇಳಿದ. ಟೈಲರಮ್ಮ ಟೇಪು ಕೊರಳಿಗೆ ಹಾಕಿಕೊಂಡು ರಸ್ತೆಗೆ ಇಳಿದು ಸವತಿಯ ಅಳತೆ ತೆಗೆದುಕೊಂಡಳು, ಕತ್ತಿನ ಹತ್ತಿರ ಎರಡು ಬೆರಳು ಸಡಿಲ ಬಿಟ್ಟಳು, ಗುರುವಾರ ಬನ್ನಿ ಎಂದಳು.

ಗುರುವಾರ ಬಂದ. ಗುಂಡಿಯ ಕಾಜಾ ಬಾಕಿ ಇದೆ, ನಾಳೆ ಬನ್ನಿ ಎಂದಳು. ಶುಕ್ರವಾರ ಬಂದ. ದಾರ ಮುಗಿದಿದೆ, ಸಂಜೆ ನೋಡೋಣ ಎಂದಳು. ಸಂಜೆಯ ಹೊತ್ತಿಗೆ ಹನಿ ಬೀಳತೊಡಗಿತು. ಅವನು ಮತ್ತೆ ಬಾಗಿಲಿಗೆ ಬಂದು ನಿಂತ. ಇನ್ನೂ ಎಷ್ಟು ಹೊತ್ತು ಎಂದು ಬಹಳ ಮರ್ಯಾದೆಯಿಂದ ಕೇಳಿದ. ಆಗುತ್ತದೆ, ಅವಸರ ಮಾಡಬೇಡಿ ಎಂದಳು. ಅವನು ಹೋಗಿ ರಸ್ತೆಯಲ್ಲಿ ಎಂಜಿನ್ನಿಗೆ ಕೊಡೆ ಹಿಡಿದು, ತಾನು ನೆನೆಯುತ್ತಾ ನಿಂತುಕೊಂಡ.

ಟೈಲರಮ್ಮ ಯಂತ್ರದ ಮುಂದೆ ಕಾಲು ಚಾಚಿ ಕೂತು ಅವನನ್ನು ನೋಡುತ್ತಿದ್ದಳು. ಕಾಜಾ ಸಮೇತ ಹೊಲಿದು ಮುಗಿಸಿದ ಮುಸುಕು ಬುಧವಾರದಿಂದಲೂ ಅವಳ ಕಾಲಡಿ ಮಡಚಿ ಇತ್ತು.