ಜಯನಗರದ ನೀಲಿ, ಬನಶಂಕರಿಯ ಬಿಳಿ

ಎಂಬತ್ತರ ದಶಕದಲ್ಲಿ ನನ್ನಂಥ ಬ್ಯಾಂಕ್ ನೌಕರನ ಕೈಗೆ ಎಟುಕ್ತಿದ್ದಿದ್ದು ಸೆಕೆಂಡ್ ಹ್ಯಾಂಡ್ ಪುಟ್ಟ ಕಾರು ಮಾತ್ರ. ಎರಡು ನೋಡಿದ್ದೆ. ಬನಶಂಕರಿಯ ಬಿಳಿ ಕಾರಿನವನಿಗೆ, ಜಯನಗರದಲ್ಲೂ ಒಂದು ನೋಡಿದ್ದೀನಿ ಅಂತ ಹೇಳಿ, "ಮನೇಲಿ ಮಾತಾಡಿ ತಿಳಿಸ್ತೀನಿ" ಅಂದು ಬಂದಿದ್ದೆ. ಹೆಣ್ಣು ನೋಡಿ ಬೇಡ ಅನ್ನೋಕೆ ನಮ್ಮ ಕಡೆ ಹೇಳೋ ಮಾತೇ ಅದು. ಮನಸ್ಸೆಲ್ಲ ಜಯನಗರದ ನೀಲಿ ಕಾರಿನ ಮೇಲಿತ್ತು.

ಅದರ ಯಜಮಾನರು ರಿಟೈರ್ಡ್ ಮೇಷ್ಟ್ರು. ಉಪ್ಪಿಟ್ಟು ತಿನ್ನಿಸಿ, "ಎಲ್ಲಿ, ಒಂದು ರೌಂಡ್ ಓಡಿಸಿ ನೋಡೋಣ" ಅಂತ ಪಕ್ಕದಲ್ಲಿ ಕೂತರು. ದಿಬ್ಬದ ಮಧ್ಯೆ ಕಾರು ಆಫ್ ಆಯ್ತು. ಹಿಂದೆ ಬಸ್ಸು, ಬಿಡದೆ ಹಾರ್ನ್ ಹೊಡೀತಿದೆ. ಗಾಬರೀಲಿ ಬ್ರೇಕ್ ಬಿಟ್ಟು ಕ್ಲಚ್ ಒತ್ತಿದೆ. ಕಾರು ಹಿಂದಕ್ಕೆ ಜಾರೋಕೆ ಶುರುವಾಯ್ತು. ಕನ್ನಡಿ ತುಂಬ ಬಸ್ಸಿನ ಮೂತಿ. ಮೇಷ್ಟ್ರೇ ಕೈ ಹಾಕಿ ಹ್ಯಾಂಡ್‌ಬ್ರೇಕ್ ಎಳೆದರು.

"ಇಳೀರಿ" ಅಂದು, ನನ್ನನ್ನ ಪಕ್ಕದ ಸೀಟಿಗೆ ಕೂರಿಸಿ, ತಾವೇ ಓಡಿಸಿಕೊಂಡು ಮನೆಗೆ ತಂದರು. ಗೇಟಿನ ಹತ್ರ ಅಡ್ವಾನ್ಸ್ ತೆಗೆದು ಕೊಡೋಕೆ ಹೋದೆ. ಅವರು ಮುಟ್ಟಲೇ ಇಲ್ಲ.

"ಮನೇಲಿ ಮಾತಾಡಿ ತಿಳಿಸ್ತೀನಿ" ಅಂದರು.

ಅಲ್ಲಿಂದ ನೇರ ಬನಶಂಕರಿ ಬಸ್ ಹತ್ತಿದೆ. ಬಿಳಿ ಕಾರಿನವನು ನನ್ನ ಮುಖ ನೋಡಿದವನೇ ನಕ್ಕ.

"ಯಾಕೆ ಸಾರ್, ಅಲ್ಲಿ ನಿಮ್ಮನ್ನ ಒಪ್ಪಲಿಲ್ವಾ?"