ಕರೆಂಟ್ ಹೋದ ಮೇಲಿನ ಮೀಟಿಂಗ್

"ಅವ್ವಾ, ಕರೆಂಟ್ ಹೋಗ್ಯಾದ, ವೈಫೈನೂ ಬಂದ್ ಆಗ್ಯಾದ. ಇನ್ನೂ ಯಾರ ಜೋಡಿ ಮೀಟಿಂಗ್ ಮಾಡಾಕತ್ತಿ?"

ಶಹಾಪುರದ ನಮ್ಮ ಮನೆಯಲ್ಲಿ, ನಾನು ಕೆಲಸ ಮಾಡುವ ಕೋಣೆಯ ಬಾಗಿಲಲ್ಲಿ ನಿಂತು ಹತ್ತನೇ ತರಗತಿಯ ಮಗಳು ಕೇಳಿದಳು. ನಾನು ಅಂಗೈ ತೋರಿಸಿದರೆ ‘ಆಮೇಲೆ ಬಾ’ ಎಂದರ್ಥ. ಅಂದೂ ತೋರಿಸಿದ್ದೆ. ಕಾಲ್ ಮುಗಿದ ಮೇಲೂ ಹೆಡ್‌ಫೋನ್ ತೆಗೆಯದೆ ಕೂರುವುದು ಯಾವಾಗ ರೂಢಿಯಾಯಿತೋ ಹೇಳಲಾರೆ. ಅದು ಕಿವಿಯಲ್ಲಿದ್ದರೆ ಯಾರೂ ಮಾತನಾಡಿಸುವುದಿಲ್ಲ.

ಹೆಡ್‌ಫೋನ್ ತೆಗೆದಿಟ್ಟೆ. ಅವಳು ಮಂಚದ ಅಂಚಿಗೆ ಕುಳಿತಳು.

"ನಾ ಮುಂದ ಸೈನ್ಸ್ ತಗೊಳ್ಳಂಗಿಲ್ಲವ್ವ. ಅಪ್ಪಗ ನೀನ ಹೇಳು. ಇದನ್ನ ಹೇಳಾಕ ಮೂರು ಸಲ ಬಂದಿದ್ದೆ."

ಅವಳ ಅಪ್ಪನಿಗೆ ಹೇಳಿದ್ದಾಯಿತು. ಅವಳು ಬಂದು ಮರಳಿದ ಆ ಮೂರು ಗಳಿಗೆಗಳನ್ನು ನೆನಪಿಸಿಕೊಳ್ಳಲು ಈಗಲೂ ಯತ್ನಿಸುತ್ತೇನೆ. ನನಗೆ ಒಂದೂ ನೆನಪಾಗುವುದಿಲ್ಲ. ಅವಳಿಗೆ ಮೂರೂ ನೆನಪಿವೆ.